ಊರಿನ ಹಳೇ ಗುಡಿಗೆ ಟೈಲ್ಸ್ ಹಾಕ್ತಿದ್ದಾರೆ, ಯಾರನ್ನು ಕೇಳಬೇಕು?

ಕೆರೆಕೋಡಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮೂರು ಅರಸೀಕೆರೆ ಕಡೆ. ಕೆರೆ ಏರಿ ಪಕ್ಕ ಒಂದು ಈಶ್ವರನ ಗುಡಿ ಇದೆ. ಹೊಯ್ಸಳರ ಕಾಲದ್ದು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಬೇಲೂರಿನ ಥರ ಕೆತ್ತನೆ ಏನೂ ಇಲ್ಲ. ಸಾದಾ ಗೋಡೆ, ಒಳಗೆ ನಾಲ್ಕು ತಿರುಗಣೆ ಕಂಬ, ನವರಂಗದ ಮೇಲೆ ತಾವರೆ ಮೊಗ್ಗಿನ ಭುವನೇಶ್ವರಿ (ಸೂರಿನ ಕೆತ್ತನೆ). ಅಷ್ಟೇ. ಮಳೆಗಾಲದಲ್ಲಿ ಸೋರುತ್ತದೆ. ತಲೆ ಮೇಲೆ ಅರಳಿ ಗಿಡ ಹುಟ್ಟಿಕೊಂಡು ಈಗ ನನ್ನಷ್ಟೇ ಎತ್ತರ ಆಗಿದೆ.

ಈ ಸಲ ಜಾತ್ರೆಗೆ ಮುಂಚೆ ಜೀರ್ಣೋದ್ಧಾರ ಮಾಡ್ತೀವಿ ಅಂತ ಊರಲ್ಲಿ ಕಮಿಟಿ ಆಗಿದೆ. ನೆಲಕ್ಕೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್, ಮೇಲ್ಗಡೆ ಸಿಮೆಂಟ್ ಕಾಂಕ್ರೀಟ್, ಮುಂದುಗಡೆ ಶೀಟಿನ ಚಪ್ಪರ. ಒಂದು ಕಂಬದ ಬುಡಕ್ಕೆ ಆಗಲೇ ಬಣ್ಣ ಬಳಿದು ನೋಡಿದ್ದಾರೆ. ಹಳದಿ, ಅಂಚಿಗೆ ಕೆಂಪು. ಹೋದ ಭಾನುವಾರ ನೋಡಿ ಎದೆ ಧಸಕ್ ಅಂತು.

ಇನ್ನೊಂದು ವಿಷಯ. ಕೆರೆ ಮೆಟ್ಟಿಲ ಹತ್ತಿರ ಒಂದು ವೀರಗಲ್ಲು ಮಲಗಿದೆ. ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಚಿಕ್ಕವನಿದ್ದಾಗ ಕೆಳಗಿನ ಪಟ್ಟಿಯಲ್ಲಿ ಕುದುರೆ ಕಾಲು ಕಾಣ್ತಿತ್ತು, ಈಗ ಇಲ್ಲ. ನುಣ್ಣಗಾಗಿದೆ.

ಜಿಲ್ಲಾ ಕೇಂದ್ರದಲ್ಲಿ ಒಂದು ಕಚೇರಿಗೆ ಹೋದೆ. 'ನಮ್ಮ ಪಟ್ಟಿಯಲ್ಲಿಲ್ಲ' ಅಂದರು. ಇನ್ನೊಂದು ಕಡೆ ಹೋದೆ. 'ಅದು ಅವರದ್ದು, ಅಲ್ಲಿ ಕೇಳಿ' ಅಂತ ಮೊದಲನೇ ಕಚೇರಿಯ ಹೆಸರನ್ನೇ ಹೇಳಿದರು. ಹಾಗಾದರೆ ಈ ಗುಡಿ ಯಾರದ್ದು?

ಬಿಸಿಬೇಳೆ
ಮೊದಲು ಫೋಟೋ ಹಾಕಿ ಗುರು.

ಪಡಿಯಚ್ಚು
ಕೆರೆಕೋಡಿ ಅವರೇ, ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಉತ್ತರ ಒಂದೇ ಸಾಲಲ್ಲಿ ಆಗಲ್ಲ.

ಹಳೇ ಕಟ್ಟಡ ಅಂದ ತಕ್ಷಣ ಎಲ್ಲರೂ ಎಎಸ್‌ಐ ಅಂತಾರೆ. ಅಂದರೆ ಕೇಂದ್ರ ಸರ್ಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆ, 1861ರಲ್ಲಿ ಕನ್ನಿಂಗ್‌ಹ್ಯಾಮ್ ಕಾಲದಲ್ಲಿ ಶುರುವಾದದ್ದು. ಇಡೀ ದೇಶದಲ್ಲಿ ಅವರ ಕೈಲಿರೋದು 3,700ರ ಹತ್ತಿರ ಸ್ಮಾರಕ. ಅದರಲ್ಲಿ ಐನೂರು ಚಿಲ್ಲರೆ ನಮ್ಮ ಕರ್ನಾಟಕದಲ್ಲೇ ಇವೆ. ಅವುಗಳಿಗೆ 1958ರ ಕೇಂದ್ರ ಕಾಯ್ದೆ.

ಎರಡನೆಯದು ನಮ್ಮ ರಾಜ್ಯದ ಪುರಾತತ್ವ ಇಲಾಖೆ. ಕಚೇರಿ ಮೈಸೂರಲ್ಲಿ. 1885ರಲ್ಲಿ ಮಹಾರಾಜರ ಕಾಲದಲ್ಲೇ ಹುಟ್ಟಿದ್ದು. ಇವರದ್ದು 1961ರ ಕಾಯ್ದೆ, ಇವರದ್ದೇ ಬೇರೆ ಪಟ್ಟಿ. ಅದರಲ್ಲಿ ಎಂಟುನೂರಕ್ಕೂ ಜಾಸ್ತಿ ಸ್ಮಾರಕ ಇವೆ.

ಮೂರನೆಯದು ಮುಜರಾಯಿ, ಅಂದರೆ ದೇವಸ್ಥಾನ ನೋಡಿಕೊಳ್ಳುವ ರಾಜ್ಯದ ಇಲಾಖೆ. ಅವರ ಲೆಕ್ಕದಲ್ಲಿ ಸುಮಾರು 34,000 ದೇವಸ್ಥಾನ. ಆದರೆ ಅವರು ನೋಡೋದು ಪೂಜೆ, ಹುಂಡಿ, ಅರ್ಚಕರ ಸಂಬಳ. ಕಂಬ ಯಾವ ಕಾಲದ್ದು ಅನ್ನೋದು ಅವರ ಕೆಲಸ ಅಲ್ಲ.

ಈ ಯಾವ ಪುಸ್ತಕದಲ್ಲೂ ಇಲ್ಲದ ಗುಡಿ, ವೀರಗಲ್ಲು, ಮಾಸ್ತಿಕಲ್ಲು ಹಳ್ಳಿ ಹಳ್ಳಿಯಲ್ಲೂ ಬಿದ್ದಿವೆ. ನಿಮ್ಮದು ಅದೇ ಇರಬೇಕು. ಮೊದಲು ಪಹಣಿ ತೆಗೆಸಿ. ಗುಡಿ ಇರುವ ಸರ್ವೆ ನಂಬರ್ ಯಾರ ಹೆಸರಲ್ಲಿದೆ ನೋಡಿ. ಉಳಿದ ಮಾತು ಆಮೇಲೆ.

ಊರೊಕ್ಕಲು
ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ವರ್ಷಕ್ಕೊಂದು ಸಲ ಊರಿಗೆ ಬಂದು 'ಅಯ್ಯೋ ನಮ್ಮ ಪರಂಪರೆ' ಅನ್ನೋದು ಸುಲಭ. ದಿನಾ ದೀಪ ಹಚ್ಚೋರು ಊರೋರು. ಸೋರುವ ಸೂರಿನ ಕೆಳಗೆ ಬಿಂದಿಗೆ ಇಡೋರು ಊರೋರು. ಅವರು ತಮ್ಮ ದುಡ್ಡಲ್ಲಿ ಟೈಲ್ಸ್ ಹಾಕಿಸಿಕೊಂಡರೆ ನಿಮಗ್ಯಾಕೆ ಉರಿ?

ಕೆರೆಕೋಡಿ
ಉರಿ ಅಲ್ಲ ಅಣ್ಣಾ. ನಮ್ಮಪ್ಪ ಕೂಡ ಆ ಕಮಿಟಿಯಲ್ಲೇ ಇದ್ದಾರೆ. ಐದು ಸಾವಿರ ಚಂದಾ ನಾನೂ ಕೊಟ್ಟಿದ್ದೀನಿ. ಅದಕ್ಕೇ ಸಂಕಟ.

ಬಿಸಿಬೇಳೆ
ಹಹಹ, ಟೈಲ್ಸಿಗೆ ಸ್ಪಾನ್ಸರ್ ನೀವೇ!

ಗಾರೆಮೇಸ್ತ್ರಿ
ನಾನು ಸುಣ್ಣದ ಗಾರೆ ಕೆಲಸ ಮಾಡಿಸುವವನು. ಹದಿನೆಂಟು ವರ್ಷ ಆಯ್ತು. ಟೈಲ್ಸು, ಬಣ್ಣ ಎರಡೂ ಆಮೇಲಿನ ಮಾತು. ನಿಮ್ಮ ಗುಡಿಗೆ ನಿಜವಾದ ಕಂಟಕ ಮೇಲಿನ ಕಾಂಕ್ರೀಟು.

ಹಳೇ ಗುಡಿಯ ಸೂರು ಅಂದರೆ ಕಲ್ಲು ಚಪ್ಪಡಿ. ಅದರ ಮೇಲೆ ಸುಣ್ಣ, ಇಟ್ಟಿಗೆ ಚೂರು ಹಾಕಿ ದಿಮ್ಮಸು ಹೊಡೆದ ಗಾರೆ. ಅದು ಉಸಿರಾಡುತ್ತದೆ. ನೀರು ಕುಡಿದರೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಹಾಗಲ್ಲ. ನೀರು ಹೇಗೋ ಸಂದಿಯಲ್ಲಿ ಇಳಿಯುತ್ತದೆ, ಆಮೇಲೆ ಹೊರಗೆ ಬರಕ್ಕೆ ದಾರಿ ಇಲ್ಲ. ಕಲ್ಲಲ್ಲೇ ನಿಲ್ಲುತ್ತದೆ. ಉಪ್ಪು ಹೊರಬಿಟ್ಟು ಕಲ್ಲು ಪದರ ಪದರ ಏಳುತ್ತದೆ. ಹೊಯ್ಸಳರದ್ದು ಬಳಪದ ಕಲ್ಲು ಬೇರೆ, ಮೆತ್ತಗೆ. ಮೇಲಿಂದ ನಾಲ್ಕಿಂಚು ಕಾಂಕ್ರೀಟಿನ ಭಾರ. ನಾನೇ ಒಂದು ಕಡೆ ನೋಡಿದ್ದೀನಿ, ತೊಲೆ ನಡುವೆ ಸೀಳು ಬಿಟ್ಟು ಕಬ್ಬಿಣದ ಜಾಕ್ ಕೊಟ್ಟು ನಿಲ್ಲಿಸಿದ್ದರು. ಗರ್ಭಗುಡಿ ಮುಂದೆಯೇ ಜಾಕ್. ಅದಕ್ಕೂ ಕುಂಕುಮ ಇಟ್ಟಿದ್ದರು.

ಅರಳಿ ಗಿಡ ಎಳೆದು ಕೀಳಬೇಡಿ. ಬೇರು ಕಲ್ಲನ್ನೂ ಎತ್ತಿಕೊಂಡು ಬರುತ್ತದೆ. ಬುಡ ಕೊಯ್ದು, ಬೇರು ಸಾಯುವ ಹಾಗೆ ಔಷಧಿ ಹಾಕಿ, ಸತ್ತ ಮೇಲೆ ಸಂದಿ ತುಂಬಬೇಕು.

ಮಲೆನಾಡ್ ಹುಡ್ಗಿ
ಮೇಸ್ತ್ರಿ ಸರ್, ಗಾರೆಗೆ ಬೆಲ್ಲ, ಮೊಟ್ಟೆ ಹಾಕ್ತಿದ್ದರು ಅನ್ನೋದು ನಿಜವಾ?

ಗಾರೆಮೇಸ್ತ್ರಿ
ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಈಗಲೂ ಹಾಕ್ತೀವಿ. ಮೊಟ್ಟೆ ಬಿಳಿ ಕಡೆಯ ಗಿಲಾವಿಗೆ, ನುಣುಪು ಬರಕ್ಕೆ. ಬೆಲ್ಲದ ವಾಸನೆಗೆ ಇರುವೆ ಬರುತ್ತವೆ, ಅದು ಬೇರೆ ಕತೆ. ಒಂದು ಸಲ ಇಡೀ ಡ್ರಮ್ಮಿಗೆ ಸಾಲುಗಟ್ಟಿದ್ದವು.

ಲಂಡನ್ ಲಕ್ಷ್ಮೀಶ
ನಾನಿರುವ ಇಂಗ್ಲೆಂಡಲ್ಲಿ ಹಿಸ್ಟಾರಿಕ್ ಇಂಗ್ಲೆಂಡ್ ಅಂತ ಒಂದು ಸರ್ಕಾರಿ ಸಂಸ್ಥೆ ಪಟ್ಟಿ ನೋಡಿಕೊಳ್ಳುತ್ತದೆ. ಹತ್ತಿರ ಹತ್ತಿರ 4 ಲಕ್ಷ ನಮೂದು. ಮೂರು ದರ್ಜೆ. ಅದರಲ್ಲಿ ಜನ ವಾಸ ಮಾಡ್ತಾರೆ, ಮಾರ್ತಾರೆ, ಕೊಳ್ತಾರೆ. ಆದರೆ ಕಿಟಕಿ ಬದಲಿಸಬೇಕಾದರೂ ಅನುಮತಿ ಬೇಕು. ನನ್ನ ಸಹೋದ್ಯೋಗಿ ಒಬ್ಬ ಬಾಗಿಲಿನ ವಿಷಯಕ್ಕೇ ತಿಂಗಳುಗಟ್ಟಲೆ ಓಡಾಡಿದ. 4 ಲಕ್ಷ ಎಲ್ಲಿ, ನಮ್ಮ 3,700 ಎಲ್ಲಿ?

ಊರೊಕ್ಕಲು
ಶುರುವಾಯ್ತು ಫಾರಿನ್ ಪುರಾಣ.

ಲಾಯರಮ್ಮ
ಲಕ್ಷ್ಮೀಶ ಅವರೇ, ಹೋಲಿಕೆ ಅಷ್ಟು ನೇರ ಅಲ್ಲ. ನಿಮ್ಮಲ್ಲಿ ಪಟ್ಟಿಗೆ ಸೇರುವುದು ಅಂದರೆ ಮಾಲೀಕ ಮಾಲೀಕನಾಗೇ ಇರ್ತಾನೆ, ಬದಲಾವಣೆಗೆ ಮಾತ್ರ ಕಡಿವಾಣ. ನಮ್ಮಲ್ಲಿ 'ಸಂರಕ್ಷಿತ' ಅಂದ ಕೂಡಲೇ ನೀಲಿ ಬೋರ್ಡು, ಬೇಲಿ, ಸುತ್ತ ನೂರು ಮೀಟರ್ ಕಟ್ಟಡ ನಿಷೇಧ. ಆಮೇಲಿನ ಇನ್ನೂರು ಮೀಟರ್ ಅನುಮತಿ ಪಡೆದು ಕಟ್ಟಬೇಕು. 1992ರ ಆದೇಶದಲ್ಲಿ ಬಂದದ್ದನ್ನು 2010ರ ತಿದ್ದುಪಡಿಯಲ್ಲಿ ಕಾಯ್ದೆಯೊಳಗೇ ಕೂರಿಸಿದರು. ತಾಜ್‌ಮಹಲಿಗೂ ಅದೇ ನೂರು ಮೀಟರ್, ಮೊಘಲರ ಕಾಲದ ಒಂದು ಮೈಲಿಗಂಬಕ್ಕೂ ಅದೇ. 2023ರಲ್ಲಿ ಸಂಸದೀಯ ಸಮಿತಿಯೂ ಈ ಮಾತು ಎತ್ತಿತ್ತು. ಅದಕ್ಕೇ ಯಾವ ಊರವರೂ 'ನಮ್ಮ ಗುಡೀನ ಪಟ್ಟಿಗೆ ಸೇರಿಸಿ' ಅಂತ ತಾವಾಗಿ ಕೇಳೋದಿಲ್ಲ. ಸೇರಿಸಿಬಿಟ್ಟರೆ ಏನು ಗತಿ ಅಂತ ಹೆದರ್ತಾರೆ.

ಊರೊಕ್ಕಲು
ಲಾಯರಮ್ಮ, ಇದು ಸರಿಯಾದ ಮಾತು. ನಮ್ಮದೇ ಕತೆ ಹೇಳ್ತೀನಿ, ಊರ ಹೆಸರು ಬೇಡ. ನಮ್ಮ ಮನೆ ಒಂದು ಸಂರಕ್ಷಿತ ಗುಡಿಯ ಹಿಂದೆ, ನೂರು ಮೀಟರ್ ಒಳಗೆ. ಮಗಳ ಮದುವೆಗೆ ಮುಂಚೆ ಹಿತ್ತಲಲ್ಲಿ ಒಂದು ರೂಮು, ಒಂದು ಬಚ್ಚಲು ಕಟ್ಟಬೇಕಿತ್ತು. ಅರ್ಜಿ ಕೊಟ್ಟೆ. ಫೋಟೋ, ನಕ್ಷೆ, ಗುಡಿಯಿಂದ ಎಷ್ಟು ದೂರ ಅಂತ ಅಳತೆ, ಎಲ್ಲ ಕೊಟ್ಟೆ. ಮದುವೆ ಆಯ್ತು, ಮೊಮ್ಮಗ ಹುಟ್ಟಿದ, ಈಗ ಅಂಗನವಾಡಿಗೆ ಹೋಗ್ತಾನೆ. ರೂಮು ಇನ್ನೂ ಕಾಗದದಲ್ಲೇ ಇದೆ. ಅಳಿಯ ಬಂದರೆ ನಾನು ಜಗುಲಿ ಮೇಲೆ ಮಲಗ್ತೀನಿ. ಆ ಗುಡಿ ಮೇಲೆ ನನಗೆ ಪ್ರೀತಿ ಇರಬೇಕು ಅಂತೀರಾ?

ಇರುತ್ತೆ ಅಂತಿಟ್ಕೊಳ್ಳಿ. ಆದ್ರೂ.

ಕಮಲಾಪುರದವ
ಹಂಪಿ ಕಡೆಯವನು ನಾನು. ಊರೊಕ್ಕಲು ಹೇಳಿದ್ದು ನಮಗೆ ಅರ್ಥ ಆಗುತ್ತೆ.

ಹಂಪಿ 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 1999ರಲ್ಲಿ 'ಅಪಾಯದಲ್ಲಿರುವ' ಪಟ್ಟಿಗೆ ಹೋಯಿತು. ಹೊಳೆಗೆ ಅಡ್ಡ ತೂಗುಸೇತುವೆ ಕಟ್ಟಕ್ಕೆ ಹೋದದ್ದೇ ಕಾರಣ. ಒಂದು ಸರ್ಕಾರಿ ಇಲಾಖೆ ಕಟ್ಟೋದು, ಇನ್ನೊಂದು ಇಲಾಖೆ ಬೇಡ ಅನ್ನೋದು. ಆಮೇಲೆ ಎಲ್ಲರನ್ನೂ ಒಂದೇ ಕಡೆ ಕೂರಿಸೋಣ ಅಂತ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು, 2002ರ ಕಾಯ್ದೆಯಲ್ಲಿ. 2006ರಲ್ಲಿ ಆ ಕೆಟ್ಟ ಪಟ್ಟಿಯಿಂದ ಹೊರಗೆ ಬಂದೆವು. ಆನೆಗೊಂದಿ ಸೇತುವೆ ಕೆಲಸ ಮುಗಿಯೋ ಮೊದಲೇ 2009ರ ಜನವರಿಯಲ್ಲಿ ಕುಸಿದು ಬಿತ್ತು. ಕೂಲಿಯವರು ಸತ್ತರು.

2011ರಲ್ಲಿ ವಿರೂಪಾಕ್ಷನ ಮುಂದಿನ ಬಜಾರು ತೆರವು ಮಾಡಿದರು. ಸಾಲುಮಂಟಪದೊಳಗೆ ಜನ ಸಂಸಾರ ಮಾಡಿಕೊಂಡಿದ್ದರು, ಹೋಟೆಲ್ಲು, ಬಳೆ ಅಂಗಡಿ ಎಲ್ಲ ಇತ್ತು. ಮಂಟಪದ ಕಲ್ಲಿಗೆ ಮೊಳೆ ಹೊಡೆದಿದ್ದು ನಿಜ, ಗೋಡೆ ಕಟ್ಟಿದ್ದು ನಿಜ. ಆದರೆ ಜೆಸಿಬಿ ಬಂದ ರೀತಿ ಇದೆಯಲ್ಲ, ಅದನ್ನು ನಮ್ಮ ಕಡೆ ಈಗಲೂ ಯಾರೂ ಮರೆತಿಲ್ಲ. ಖಾಲಿಯಾದ ಸಾಲುಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಬಿತ್ತು. ಜನ ಇದ್ದಿದ್ದರೆ ಬೀಳ್ತಿರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಚಹಾ ಅಂಗಡಿಯಲ್ಲಿ ಹಾಗೆ ಹೇಳೋರು ಇದ್ದಾರೆ.

ಪಡಿಯಚ್ಚು
ಜನ ಇದ್ದರೆ ಉಳಿಯುತ್ತೆ ಅನ್ನೋದಕ್ಕೂ ಒಂದು ಅರ್ಥ ಇದೆ ಕಮಲಾಪುರದವರೇ. ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರೊಳಗೆ ಆ ಹೆಸರಿನವರು ಒಬ್ಬರು ವಾಸ ಇದ್ದದ್ದರಿಂದ. ಗೌಡರ ಗುಡಿಯೂ ಅಷ್ಟೇ. ನೂರಕ್ಕೂ ಜಾಸ್ತಿ ಗುಡಿ ಇರುವ ಊರು. ಮನೆಗೋಡೆ, ಗುಡಿಗೋಡೆ ಒಂದೇ. ಅಲ್ಲಿ ಊರು ಸ್ಥಳಾಂತರದ ಮಾತು ಎಷ್ಟು ದಶಕದಿಂದ ನಡೆದಿದೆ ಅಂದರೆ ಅದೇ ಒಂದು ಶಾಸನ ಆಗಬೇಕು.

ಮೈಸೂರ್ ಪೇಟ
ಹಳ್ಳಿ ಬಿಡಿ. ಮೈಸೂರಿನಂಥ ಮೈಸೂರಲ್ಲಿ ಏನಾಯ್ತು? ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ನಾಲ್ಕು ಜನ ಹೋದರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು, ಅದೂ ರಿಪೇರಿ ನಡೆಯುತ್ತಿರುವಾಗಲೇ. ಆಮೇಲೆ ವರ್ಷಗಟ್ಟಲೆ ಒಂದೇ ಜಗಳ. ಕೆಡವಿ ಅದೇ ಥರ ಹೊಸದು ಕಟ್ಟೋಣ ಅಂತ ಒಬ್ಬರು, ರಿಪೇರಿ ಮಾಡಬಹುದು ಅಂತ ಇನ್ನೊಬ್ಬರು. ತಜ್ಞರ ಸಮಿತಿ ಮೇಲೆ ತಜ್ಞರ ಸಮಿತಿ. ಅಷ್ಟರೊಳಗೆ ಅಂಗಡಿಯವರು ಟಾರ್ಪಾಲ್ ಕಟ್ಟಿಕೊಂಡು ವ್ಯಾಪಾರ ಮಾಡ್ತಾನೇ ಇದ್ದಾರೆ.

'ಅದೇ ಥರ ಹೊಸದು' ಅನ್ನೋದು ನನಗೆ ಅರ್ಥವೇ ಆಗಲ್ಲ. ಅಜ್ಜಿ ಸತ್ತ ಮೇಲೆ ಅಜ್ಜಿ ಸೀರೆ ಉಡಿಸಿದ ಬೊಂಬೆ ತಂದು ಜಗುಲಿ ಮೇಲೆ ಕೂರಿಸಿದ ಹಾಗೆ.

ಮಲೆನಾಡ್ ಹುಡ್ಗಿ
ಅಯ್ಯೋ ರಾಮ, ಎಂಥಾ ಹೋಲಿಕೆ.

ಟೆಕ್ಕಿ ತಿಮ್ಮಣ್ಣ
ಮಾಡಬೇಕು ಅಂದ್ರೆ ಮಾಡ್ತಾರೆ ಸ್ವಾಮಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನಮನೆ ರೈಲ್ವೆ ಜೋಡಿ ಹಳಿಗೆ ಅಡ್ಡ ಇತ್ತು. ಒಡೀಲಿಲ್ಲ. ಬುಡಕ್ಕೆ ಉಕ್ಕಿನ ತೊಲೆ ಕೊಟ್ಟು, ಜಾಕ್ ಮೇಲೆ ಎತ್ತಿ, ಸುಮಾರು 1,000 ಟನ್ ಕಟ್ಟಡವನ್ನು ಇಡಿಯಾಗಿ ನೂರು ಮೀಟರಿಗಿಂತ ದೂರ ತಳ್ಳಿಕೊಂಡು ಹೋಗಿ ಕೂರಿಸಿದರು. 2017ರಲ್ಲಿ. ಇಂಜಿನಿಯರಿಂಗ್ ಅಂದ್ರೆ ಅದು.

ಊರೊಕ್ಕಲು
ರೈಲು ಬರಬೇಕಿತ್ತು, ಅದಕ್ಕೆ ದುಡ್ಡು ಬಂತು. ಕೆರೆಕೋಡಿಯವರ ಗುಡಿ ಮೇಲೆ ಯಾವ ರೈಲೂ ಹೋಗಲ್ಲ.

ಪಡಿಯಚ್ಚು
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ ಊರೊಕ್ಕಲು ಅವರೇ. ಬರೆದಿಟ್ಟುಕೊಳ್ಳಿ, ಮತ್ತೆ ಸಿಗಲ್ಲ.

ಲಾಯರಮ್ಮ
ದುಡ್ಡು ಅಂದಿರಿ, ಕಾವಲಿನ ಲೆಕ್ಕ ಕೇಳಿ. ಸಂಸದೀಯ ಸಮಿತಿಯ ಮುಂದೆ 2022ರಲ್ಲಿ ಬಂದದ್ದು. ದೇಶದ ಸ್ಮಾರಕಗಳಿಗೆ 7,000 ಕಾವಲುಗಾರರು ಬೇಕು. ಕೊಡಲು ಆಗಿದ್ದು 2,578 ಜನ, ಅದೂ 248 ಕಡೆ ಮಾತ್ರ. ಮೂರೂವರೆ ಸಾವಿರ ಚಿಲ್ಲರೆಯಲ್ಲಿ 248!

ಅದಕ್ಕೂ ಮುಂಚೆ, 2013ರಲ್ಲಿ ಸಿಎಜಿಯವರು (ಸರ್ಕಾರದ ಲೆಕ್ಕ ತಪಾಸಣೆ ಮಾಡೋರು) 1,655 ಸ್ಮಾರಕಗಳ ಹತ್ತಿರ ಹೋಗಿ ನೋಡಿದಾಗ 92 ಸ್ಮಾರಕ ಇದ್ದ ಜಾಗದಲ್ಲಿ ಇರಲೇ ಇಲ್ಲ. ಹುಡುಕಿ ಹುಡುಕಿ 42 ಸಿಕ್ಕವು. ಉಳಿದ 50ರಲ್ಲಿ 14 ಊರು ಬೆಳೆದದ್ದರಲ್ಲಿ ಹೋದವು, 12 ಅಣೆಕಟ್ಟೆ ಹಿನ್ನೀರಲ್ಲಿ ಮುಳುಗಿದವು, 24 ಎಲ್ಲಿ ಹೋದವು ಅಂತಲೇ ಗೊತ್ತಾಗಲಿಲ್ಲ. 2024ರಲ್ಲಿ 18ನ್ನು ಪಟ್ಟಿಯಿಂದ ಕೈಬಿಡುವ ಆದೇಶ ಬಂತು. ಝಾನ್ಸಿಯ ಒಂದು ಗೋರಿ, ಹರಿಯಾಣದ ಒಂದು ಮೈಲಿಗಂಬ, ದೆಹಲಿಯ ಒಂದು ಸ್ಮಶಾನ, ಹೀಗೆ. ಕಾಯ್ದೆಯಲ್ಲಿ ಅದಕ್ಕೊಂದು ಕಲಮು ಇದೆ, 35ನೆಯದು. 'ರಾಷ್ಟ್ರೀಯ ಮಹತ್ವ ಕಳೆದುಕೊಂಡಿದೆ' ಅಂತ ಬರೆಯುತ್ತಾರೆ. ಮಹತ್ವ ಅಲ್ಲ, ಕಳೆದು ಹೋದದ್ದು ಕಲ್ಲು.

ಬಿಸಿಬೇಳೆ
ದೆಹಲಿಯಲ್ಲೇ ಸ್ಮಶಾನ ಕಾಣೆ ಅಂದರೆ ಅರಸೀಕೆರೆಯ ವೀರಗಲ್ಲಿನ ಪಾಡೇನು.

ಕಮಲಾಪುರದವ
ಶಿಕ್ಷೆ ಆಗೋದೇ ಇಲ್ಲ ಅಂತಲ್ಲ. 2019ರಲ್ಲಿ ಹಂಪಿಯ ವಿಷ್ಣು ಗುಡಿ ಹತ್ತಿರ ಹುಡುಗರು ಕಂಬ ತಳ್ಳಿ ಬೀಳಿಸಿದ ವಿಡಿಯೋ ಎಲ್ಲರೂ ನೋಡಿದಿರಿ. ಕೋರ್ಟು ತಲಾ 70,000 ದಂಡ ಹಾಕಿತು. ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಕಾಯ್ದೆಯಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ. ಅವರು ವಿಡಿಯೋ ಮಾಡದೇ ಇದ್ದಿದ್ದರೆ ಗಾಳಿಗೆ ಬಿತ್ತು ಅಂತ ಆಗ್ತಿತ್ತು.

ಟೆಕ್ಕಿ ತಿಮ್ಮಣ್ಣ
ವಿಷಯಾಂತರ: ಬೇಲೂರು ಹಳೇಬೀಡು ಕಡೆ ಹೋಗೋರು ಇದ್ದರೆ ದಾರಿಯಲ್ಲಿ ಒಳ್ಳೆ ತಿಂಡಿ ಎಲ್ಲಿ? ಮುಂದಿನ ವಾರ ಮನೆಯವರೆಲ್ಲ ಹೊರಟಿದ್ದೀವಿ.

ಮಲೆನಾಡ್ ಹುಡ್ಗಿ
ತಿಂಡಿ ಎಲ್ಲಾದರೂ ತಿನ್ನಿ, ಕಾಫಿ ಮಾತ್ರ ಬೇಲೂರು ದಾಟಿದ ಮೇಲೆ ಕುಡೀರಿ.

ನಿರ್ವಾಹಕ
ತಿಂಡಿಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಕೆರೆಕೋಡಿ ಅವರ ಪ್ರಶ್ನೆಗೆ ಉತ್ತರ ಬಾಕಿ ಇದೆ.

ಪಡಿಯಚ್ಚು
ಬೇಲೂರಿನ ಹೆಸರು ಬಂದದ್ದು ಒಳ್ಳೇದೇ ಆಯ್ತು. ಅಲ್ಲಿ ಚೆನ್ನಕೇಶವನ ಪೂಜೆ ಮುಜರಾಯಿಯದ್ದು, ಕಲ್ಲು ಎಎಸ್‌ಐಯದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಮೂರನೇ ಕಣ್ಣೂ ಬಿದ್ದಿದೆ. ದೊಡ್ಡ ಗುಡಿಗೆ ಮೂರು ಜನ ಯಜಮಾನರು. ಅಲ್ಲಿಂದ ಬಸ್ಸು ಹತ್ತಿದರೆ ಸಿಗುವ ಚಿಕ್ಕ ಗುಡಿಗೆ ಒಬ್ಬರೂ ಇಲ್ಲ.

ಕೆರೆಕೋಡಿ ಅವರೇ, ಈಗ ಕೆಲಸದ ಮಾತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಐದನೇ ಸಂಪುಟ ಹಾಸನ ಜಿಲ್ಲೆಯದ್ದು. ಅರಸೀಕೆರೆ ತಾಲ್ಲೂಕು ಅದರಲ್ಲೇ ಬರುತ್ತದೆ. ನಿಮ್ಮೂರ ಹೆಸರು ಇದೆಯಾ ನೋಡಿ. ಇದ್ದರೆ ನಿಮ್ಮ ಅರ್ಜಿಗೆ ನೂರಾನೆ ಬಲ. 'ಹಳೇದು ಅಂತಾರೆ' ಅನ್ನೋದಕ್ಕೂ 'ಇಂಥ ನಂಬರಿನ ಶಾಸನ ಇದೇ ಗುಡಿಯದ್ದು' ಅನ್ನೋದಕ್ಕೂ ಬಹಳ ವ್ಯತ್ಯಾಸ.

ಎರಡು, ವೀರಗಲ್ಲಿನ ಫೋಟೋ ರಾತ್ರಿ ತೆಗೀರಿ. ಕಲ್ಲಿಗೆ ನೀರು ಹಾಕಿ ಮಣ್ಣು ತೊಳೆದು, ಒಣಗಿದ ಮೇಲೆ ಮೊಬೈಲ್ ಟಾರ್ಚನ್ನು ಪಕ್ಕದಿಂದ, ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿಯಿರಿ. ಹಗಲಲ್ಲಿ ನುಣ್ಣಗೆ ಕಂಡ ಕಲ್ಲಲ್ಲಿ ಕುದುರೆ ಕಾಲು ಎದ್ದು ಬರುತ್ತದೆ. ಸುಣ್ಣ, ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನೂ ಬಳಿಯಬೇಡಿ. ಅಕ್ಷರ ಇದ್ದರೆ ನನಗೆ ಹೇಳಿ, ಪಡಿಯಚ್ಚು ತೆಗೆಯುವವರನ್ನು ಕರೆತರೋಣ. ಒದ್ದೆ ಕಾಗದ ಕಲ್ಲಿಗೆ ಹೊದಿಸಿ, ಬ್ರಷ್ಷಲ್ಲಿ ಕುಟ್ಟಿ, ಮಸಿ ಒತ್ತಿ ತೆಗೆಯೋದು. ಚಂದ ಇರುತ್ತೆ ನೋಡಕ್ಕೆ, ಊರ ಮಕ್ಕಳೆಲ್ಲ ಸೇರ್ತಾರೆ.

ಹೆಬ್ಬಾಳದ ಕಿತ್ತಯ್ಯನ ಶಾಸನ ನೆನಪಿರಲಿ. 2018ರಲ್ಲಿ ಮೋರಿ ಕೆಲಸಕ್ಕೆ ಅಗೆಯುವಾಗ ಸಿಕ್ಕ ಕಲ್ಲು ಅದು. ಓದಿ ನೋಡಿದರೆ ಎಂಟನೇ ಶತಮಾನದ್ದು. ಅಗೆದವರು ಹಾಗೇ ಮುಚ್ಚಿಬಿಟ್ಟಿದ್ದರೆ ಬೆಂಗಳೂರಿಗೆ ಅಷ್ಟು ಹಳೇ ಕನ್ನಡದ ಗುರುತು ಒಂದು ಕಮ್ಮಿ ಆಗ್ತಿತ್ತು.

ಲಾಯರಮ್ಮ
ನನ್ನದೂ ಸೇರಿಸ್ತೀನಿ. ಪಹಣಿಯಲ್ಲಿ ದೇವರ ಹೆಸರಿದ್ದು ಮುಜರಾಯಿ ಪಟ್ಟಿಯಲ್ಲಿದ್ದರೆ ಬಹುಶಃ ಸಿ ದರ್ಜೆ ಇರುತ್ತೆ. ವರ್ಷಕ್ಕೆ ಐದು ಲಕ್ಷಕ್ಕಿಂತ ಕಮ್ಮಿ ಆದಾಯದ ಗುಡಿಗಳೆಲ್ಲ ಸಿ. ತಸ್ತೀಕ್ ಹಣ (ಪೂಜೆಗೆ ಅಂತ ಸರ್ಕಾರ ಕೊಡೋದು) ಬರುತ್ತಿದೆಯಾ ಅಂತ ಅರ್ಚಕರನ್ನು ಕೇಳಿ, ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗಿದ್ದರೆ ಕಮಿಟಿ ತನ್ನಿಷ್ಟಕ್ಕೆ ಒಡೆದು ಕಟ್ಟೋ ಹಾಗಿಲ್ಲ, ತಹಶೀಲ್ದಾರರ ಮೂಲಕ ಹೋಗಬೇಕು. ಅವರಿಗೆ ಒಂದು ಅರ್ಜಿ, ಮೈಸೂರಿನ ಪುರಾತತ್ವ ಇಲಾಖೆಗೆ ಅದರದ್ದೇ ಪ್ರತಿ. ರಿಜಿಸ್ಟರ್ ಪೋಸ್ಟಲ್ಲಿ. ಬಾಯಲ್ಲಿ ಹೇಳಿ ಬಂದರೆ ಗಾಳಿಗೆ ಹೇಳಿದ ಹಾಗೆ.

ಕೋರ್ಟಿಗೆ ಹೋಗೋದು ಕೊನೆಗೆ. ಆದರೆ ಆಗೋದೇ ಇಲ್ಲ ಅನ್ಕೋಬೇಡಿ. ಬೆಂಗಳೂರಿನ ಅಠಾರಾ ಕಚೇರಿ, ಈಗಿನ ಹೈಕೋರ್ಟಿನ ಕೆಂಪು ಕಟ್ಟಡ, 80ರ ದಶಕದಲ್ಲಿ ಕೆಡವೋದು ಅಂತಲೇ ಇತ್ತು. ಜನ ಹಟ ಹಿಡಿದು ನ್ಯಾಯಾಲಯಕ್ಕೆ ಹೋದರು. ಉಳೀತು. ಈಗ ಅದರೊಳಗೇ ನಾವು ಕರಿಕೋಟು ಹಾಕಿಕೊಂಡು ಓಡಾಡ್ತೀವಿ.

ಗಾರೆಮೇಸ್ತ್ರಿ
ದುಡ್ಡಿನ ದಾರಿ ಒಂದು ಹೇಳ್ತೀನಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಹಳೇ ಗುಡಿಗಳ ಜೀರ್ಣೋದ್ಧಾರವನ್ನು ಹಳೇ ಕ್ರಮದಲ್ಲೇ ಮಾಡಿಸುತ್ತದೆ. ಸರ್ಕಾರ 40, ಟ್ರಸ್ಟ್ 40, ಊರವರು 20. ಕಲ್ಲಿಗೆ ನಂಬರ್ ಬರೆದು, ಬಿಚ್ಚಿ, ಬುನಾದಿ ಸರಿ ಮಾಡಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸ್ತಾರೆ. 90ರ ದಶಕದಿಂದ ಇನ್ನೂರಕ್ಕೂ ಜಾಸ್ತಿ ಗುಡಿ ಮಾಡಿದ್ದಾರೆ. ತಕ್ಷಣ ಆಗಲ್ಲ, ಸರದಿ ಇರುತ್ತೆ. ಆದರೆ ನಿಮ್ಮ ಕಮಿಟಿ ಕೂಡಿಸಿದ ದುಡ್ಡೇ ಆ 20 ಭಾಗ ಆಗಬಹುದಲ್ವಾ? 'ಕೆಲಸ ನಿಲ್ಲಿಸಿ' ಅಂತ ಹೋದರೆ ಹೊಡೀತಾರೆ. 'ಇದೇ ದುಡ್ಡಲ್ಲಿ ಐದು ಪಟ್ಟು ಕೆಲಸ ಆಗುತ್ತೆ' ಅಂತ ಹೋಗಿ.

ಊರೊಕ್ಕಲು
ಮೇಸ್ತ್ರಿಗೆ ಊರು ಗೊತ್ತು.

ಲಂಡನ್ ಲಕ್ಷ್ಮೀಶ
ಆ 20ಕ್ಕೆ ನನ್ನದೂ ಸ್ವಲ್ಪ ಸೇರಿಸಬಹುದಾ? ಫಾರಿನ್ ದುಡ್ಡು ಆಗುತ್ತೆ ತಾನೇ ಊರೊಕ್ಕಲು ಅವರೇ?

ಊರೊಕ್ಕಲು
ದುಡ್ಡಿಗೆ ಪುರಾಣ ಇರಲ್ಲ, ಕಳಿಸಿ.

ಕೆರೆಕೋಡಿ
ಮೂರು ವಾರ ಆಯ್ತು, ತಡವಾಗಿದ್ದಕ್ಕೆ ಕ್ಷಮಿಸಿ. ಎರಡು ಸಲ ಊರಿಗೆ ಹೋಗಿ ಬಂದೆ.

ಪಹಣಿ ತೆಗೆಸಿದೆ. 'ಶ್ರೀ ಈಶ್ವರ ದೇವರು' ಅಂತಿದೆ. ಅರ್ಚಕರನ್ನು ಕೇಳಿದೆ, ತಸ್ತೀಕ್ ಬರುತ್ತಿದೆ. ಲಾಯರಮ್ಮ ಹೇಳಿದ ಹಾಗೇ ಸಿ ದರ್ಜೆ. ಅಂದರೆ ಇಷ್ಟು ದಿನ ಮುಜರಾಯಿಯದ್ದೇ ಆಗಿತ್ತು, ಯಾರಿಗೂ ಗೊತ್ತಿರಲಿಲ್ಲ. ಅರ್ಚಕರಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

ಐದನೇ ಸಂಪುಟದಲ್ಲಿ ನಮ್ಮೂರು ಇದೆ! ಒಂದು ಶಾಸನ, ಗುಡಿಯ ಬಲಕ್ಕೆ ನಿಂತ ಕಲ್ಲು ಅಂತ ಬರೆದಿದ್ದಾರೆ. ಬಲಕ್ಕೆ ಈಗ ತೆಂಗಿನ ಮರ ಇದೆ, ಕಲ್ಲು ಇಲ್ಲ. ನಮ್ಮ ದೊಡ್ಡಪ್ಪ ಹೇಳೋದು, ರಸ್ತೆ ಆದಾಗ ಯಾವುದೋ ಉದ್ದ ಕಲ್ಲು ಮೋರಿಗೆ ಹಾಕಿದ ನೆನಪು ಅಂತ. ಮೋರಿ ಕೆಳಗೆ ಬಗ್ಗಿ ನೋಡಿದೆ. ನೀರಿತ್ತು, ಒಂದು ಹಾವಿನ ಪೊರೆ ಇತ್ತು. ಬೇಸಿಗೆಗೆ ನೋಡೋಣ ಅಂತ ಎದ್ದು ಬಂದೆ.

ಕಮಿಟಿ ಸಭೆಯಲ್ಲಿ ಜಗಳ ಆಯ್ತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೇಸ್ತ್ರಿಯವರ ಜಾಕ್ ಕತೆ ಹೇಳಿದ ಮೇಲೆ ಕಾಂಕ್ರೀಟ್ ಬೇಡ ಅಂತ ಒಪ್ಪಿದರು. ಈ ವರ್ಷ ಮೇಲೆ ಟಾರ್ಪಾಲು, ಜಾತ್ರೆ ಮುಗಿದ ಮೇಲೆ ಟ್ರಸ್ಟಿಗೆ ಅರ್ಜಿ. ಟೈಲ್ಸ್ ಆಗಲೇ ತಂದು ಇಳಿಸಿದ್ದಾರೆ, ವಾಪಸ್ ತಗೊಳ್ಳಲ್ಲವಂತೆ. ಅದನ್ನು ಪಕ್ಕದ ಪ್ರಸಾದದ ಅಡಿಗೆಮನೆಗೆ ಹಾಕಿದರು. ಚೆನ್ನಾಗೇ ಕಾಣುತ್ತೆ, ನಿಜ ಹೇಳಬೇಕಂದ್ರೆ. ಒಂದು ಕಂಬದ ಬುಡದ ಹಳದಿ ಮಾತ್ರ ಹಾಗೇ ಇದೆ. ಮೇಸ್ತ್ರಿ ಸರ್, ಅದು ತೆಗೆಯೋದು ಹೇಗೆ?

ವೀರಗಲ್ಲಿನ ಹತ್ತಿರ ರಾತ್ರಿ ಟಾರ್ಚ್ ಹಿಡಿದುಕೊಂಡು ಕೂತೆ. ಕುದುರೆ ಕಾಲು ಬಂತು. ಮೇಲಿನ ಪಟ್ಟಿಯಲ್ಲಿ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗ್ತಿರೋದು ಪೂರ್ತಿ ಕಾಣುತ್ತೆ, ಅಲ್ಲಿ ಯಾರೂ ಒಗೆದಿಲ್ಲ. ಬೆಳಿಗ್ಗೆ ಅದನ್ನು ಎತ್ತಿ ಗುಡಿ ಅಂಗಳಕ್ಕೆ ತರೋಣ ಅಂತ ನಾಲ್ಕು ಹುಡುಗರು ಹೋದೆವು. ಅಲ್ಲಿ ಒಬ್ಬರು ಅಜ್ಜಿ ಬಟ್ಟೆ ಒಗೆಯುತ್ತಿದ್ದರು. 'ತಗೊಂಡು ಹೋಗ್ರಪ್ಪ, ದೇವರ ಕಲ್ಲು ಅಂತ ನನಗೇನು ಗೊತ್ತು. ಆದ್ರೆ ನಂಗೊಂದು ಕಲ್ಲು ಹಾಕ್ಕೊಟ್ಟು ಹೋಗಿ' ಅಂದರು. ನ್ಯಾಯವೇ. ಪಂಚಾಯಿತಿಯಲ್ಲಿ ಒಗೆಯೋ ಕಲ್ಲಿಗೆ ಬಾಬ್ತು ಇಲ್ಲವಂತೆ. ಕ್ವಾರಿಯಿಂದ ಒಂದು ಚಪ್ಪಡಿ ತರಿಸಿದೆ, ಆಟೋ ಬಾಡಿಗೆ ಸೇರಿ 1,400 ಆಯ್ತು.

ಪಡಿಯಚ್ಚು
ಎತ್ತೋ ಮುಂಚೆ ಎಲ್ಲಿತ್ತು, ಯಾವ ದಿಕ್ಕಿಗಿತ್ತು ಅಂತ ಬರೆದುಕೊಂಡಿರಿ ತಾನೇ?

ಕೆರೆಕೋಡಿ
ಅಳತೆ ಟೇಪ್ ಹಿಡಿದು ಬರೆದುಕೊಂಡಿದ್ದೀನಿ ಸರ್. ಕೆರೆ ಕೋಡಿಯಿಂದ ಎಷ್ಟು, ಮೆಟ್ಟಿಲಿಂದ ಎಷ್ಟು, ಎಲ್ಲ.

ಗಾರೆಮೇಸ್ತ್ರಿ
ಬಣ್ಣಕ್ಕೆ ಸ್ಯಾಂಡ್‌ಬ್ಲಾಸ್ಟ್ ಅಂತ ಯಾರಾದರೂ ಹೇಳಿದರೆ ಓಡಿಸಿ. ಕಂಬದ ಹೊಳಪೂ ಹೋಗುತ್ತೆ. ಉಜ್ಜಲೂಬೇಡಿ, ಹಾಗೇ ಬಿಡಿ. ಜಾತ್ರೆ ಆದ ಮೇಲೆ ನಾನೇ ಬರ್ತೀನಿ, ಊಟ ಹಾಕಿಸಿ ಸಾಕು.

ಊರೊಕ್ಕಲು
ಅಜ್ಜಿಗೆ ಕಲ್ಲು ಕೊಟ್ಟಿರಲ್ಲ, ಅದು ಒಳ್ಳೇ ಕೆಲಸ. ನನ್ನ ಬಚ್ಚಲಿಗೂ ಯಾರಾದರೂ ಹೀಗೇ ಒಂದು ದಾರಿ ಹುಡುಕಿ.

ಲಾಯರಮ್ಮ
ಅರ್ಜಿ ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸಿ, ನೋಡ್ತೀನಿ. 1992ಕ್ಕಿಂತ ಹಳೇ ಮನೆಯಾದರೆ ರಿಪೇರಿ ಅಂತ ಕೇಳಬಹುದು. ಹೊಸ ರೂಮು ಕಷ್ಟ. ಹಳೇ ಬಚ್ಚಲು ಏನಾದರೂ ಇತ್ತಾ ಅಲ್ಲಿ?

ಊರೊಕ್ಕಲು
ಹಂಡೆ ಒಲೆ ಇತ್ತು. ಅದು ಸ್ಮಾರಕ ಆಗುತ್ತಾ?

ಬಿಸಿಬೇಳೆ
ಎಲ್ಲಾ ಸರಿ. ಫೋಟೋ ಎಲ್ಲಿ ಗುರು?